ದಾರ ಹಾಸಿ ಅಳೆದ ದಾರಿ

ಗುಮಾಸ್ತನ ಗ್ರಹಚಾರಕ್ಕೆ ಕಾರಣ ಒಂದೇ ಪದ. ಕಾಡಿನ ಗೇಟಿನ ಪಕ್ಕದ ಬೋರ್ಡಿನ ಮೇಲೆ 'ಸಾಧಾರಣ ದಾರಿ, ಎರಡು ಗಂಟೆ ನಡಿಗೆ' ಎಂದಿತ್ತು. ಮೂರು ವರ್ಷದ ಹಿಂದೆ ಅರಣ್ಯ ಕಚೇರಿಯ ಫ್ಯಾನಿನ ಕೆಳಗೆ ಕೂತು, ನಕ್ಷೆಯ ಮೇಲೆ ಹೊಲಿಗೆ ದಾರ ಹಾಸಿ, ಅದನ್ನು ಬರೆದವನು ಅವನೇ. ಕಾಡಿನೊಳಗೆ ಒಂದು ಹೆಜ್ಜೆ ಇಟ್ಟವನಲ್ಲ. ಆದರೆ ಮದುವೆಗೆ ಮುಂಚೆ ಮಾವನ ಮುಂದೆ, 'ಇಲ್ಲಿನ ದಾರಿಗಳನ್ನೆಲ್ಲ ಕಾಲಲ್ಲೇ ಅಳೆದವನು ನಾನು' ಎಂದು ಕೊಚ್ಚಿಕೊಂಡಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾವ ಅದನ್ನು ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದರು.

ಆ ಮಾವ ಈ ಭಾನುವಾರ ಬೋರ್ಡು ಓದಿ, ಕೋಲು ಹಿಡಿದು ಹೊರಟೇಬಿಟ್ಟರು. "ನನ್ನ ಮಂಡಿಗೆ ಸಾಧಾರಣವೇ ಸರಿ. ನಡೀರಿ ಅಳಿಯಂದ್ರೇ."

ಮೂರನೇ ತಿರುವಿನಲ್ಲಿ ದಾರಿ ಗೋಡೆಯ ಹಾಗೆ ಎದ್ದು ನಿಂತಿತು. ಎರಡು ಗಂಟೆ ಕಳೆದರೂ ಅರ್ಧ ದಾರಿ ಆಗಿರಲಿಲ್ಲ. ಮಾವ ಒಂದು ಬಂಡೆಯ ಮೇಲೆ ಕುಸಿದು ಕೂತರು. ಬಾಟಲಿಯಲ್ಲಿ ಉಳಿದ ನೀರನ್ನು ಮಂಡಿಯ ಮೇಲೆ ಸುರಿದುಕೊಂಡರು. ಗುಮಾಸ್ತನಿಗೆ ಆ ಹೊಲಿಗೆ ದಾರ ನೆನಪಾಯಿತು. ದಾರ ಕಾಗದದ ಮೇಲೆ ಹಾಯಾಗಿ ಮಲಗಿತ್ತು. ಅದಕ್ಕೆ ಏರೂ ಗೊತ್ತಿಲ್ಲ, ಮಂಡಿಯೂ ಗೊತ್ತಿಲ್ಲ. ತನ್ನ ಒಂದು ಪದ ನಂಬಿ ಎಷ್ಟು ಜನ ಇಲ್ಲಿ ಹೀಗೆ ಕೂತಿರಬಹುದು ಎಂದು ಮೊದಲ ಬಾರಿಗೆ ಯೋಚಿಸಿದ. ನಾಚಿಕೆಯಾಯಿತು.

"ಈ ದಾರೀನೂ ನೀವೇ ಅಳೆದದ್ದಾ?" ಮಾವ ಕೇಳಿದರು.

ನಿಜ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. "ಇದೊಂದು ಬೇರೆಯವನು ಅಳೆದದ್ದು, ಮಾವ. ಶುದ್ಧ ಸೋಮಾರಿ. ಆ ಬೋರ್ಡು ಬರೆದವನ ಕೈಗೆ ಟೇಪು ಕೊಟ್ಟು, ಎಲ್ಲ ದಾರೀನೂ ನಡೆಸಿ ಅಳೆಸ್ಬೇಕು."

"ಸರಿಯಾದ ಮಾತು," ಎಂದು ಮಾವ ಎದ್ದರು. ಸಿಟ್ಟು ಅವರ ಕಾಲಿಗೆ ಬಲ ಕೊಟ್ಟಿತ್ತು.

ಸಂಜೆ ಕುಂಟುತ್ತ ಇಳಿದು ಬಂದು, ಗೇಟಿನ ಕಾವಲು ಕೋಣೆಯಲ್ಲಿದ್ದ ದೂರು ಪುಸ್ತಕದಲ್ಲಿ ಮಾವ ಆ ಮಾತನ್ನೇ ಬರೆದರು. ಅಳಿಯನಿಂದಲೂ ಸಹಿ ಹಾಕಿಸಿದರು. ಅವನು ನೆಮ್ಮದಿಯಾಗಿಯೇ ಹಾಕಿದ. ಆ ಪುಸ್ತಕ ಕೊನೆಗೆ ಬರುವುದು ಅವನ ಮೇಜಿಗೇ ತಾನೆ.

ಅಷ್ಟರಲ್ಲಿ ಒಳಕೋಣೆಯಿಂದ ಅರಣ್ಯಾಧಿಕಾರಿಗಳು ಬಂದರು. ತಪಾಸಣೆಗೆ ಬಂದಿದ್ದರಂತೆ. ಪುಸ್ತಕ ಎತ್ತಿಕೊಂಡು ಓದಿದರು, ಸಹಿ ನೋಡಿದರು, ಕನ್ನಡಕ ತೆಗೆದು ಗುಮಾಸ್ತನನ್ನು ನೋಡಿದರು.

"ಏನ್ರೀ, ನೀವು ಬರೆದ ಬೋರ್ಡಿನ ಮೇಲೆ ನೀವೇ ದೂರು ಕೊಟ್ಟಿದ್ದೀರಲ್ಲ. ಇಷ್ಟು ಪ್ರಾಮಾಣಿಕ ಮನುಷ್ಯನನ್ನ ನಾನು ಕಂಡಿಲ್ಲ. ಶಿಕ್ಷೆಗೂ ನಿಮ್ಮದೇ ಸಹಿ ಇದೆ. ನಾಳೆಯಿಂದ ಶುರು ಮಾಡಿ. ಒಟ್ಟು ಮೂವತ್ತೆರಡು ದಾರಿ."

ಮಾವ ಬೋರ್ಡಿನ ಕಡೆ ಒಮ್ಮೆ, ಅಳಿಯನ ಕಡೆ ಒಮ್ಮೆ ನೋಡಿದರು. ಆಮೇಲೆ ತಮ್ಮ ಕೋಲನ್ನು ಅಳಿಯನ ಕೈಗಿಟ್ಟರು.

"ಇಟ್ಕೊಳ್ಳಿ ಅಳಿಯಂದ್ರೇ. ಊರಿಗೆಲ್ಲ ಹೇಳಿಬಿಟ್ಟಿದ್ದೀನಿ. ನನ್ನ ಮಾತಾದ್ರೂ ನಿಜ ಆಗ್ಲಿ."