ಪಡುವಣ ಗೋಡೆಗೆ ಮೂರೇ ವರ್ಷ

ವರ್ಷದಲ್ಲಿ ಎಂಟು ತಿಂಗಳು ಆಕಾಶವೇ ಕಾಣದ ಈ ಸಿಯಾಟಲ್ ಸೀಮೆಯಲ್ಲಿ ಬಿಸಿಲಿಗೆ ಹೆದರುವ ಮನುಷ್ಯ ಒಬ್ಬರೇ ಒಬ್ಬರು ಇದ್ದಾರೆ. ಅವರು ನನ್ನ ಭಾವ, ನನ್ನ ಅಕ್ಕನ ಗಂಡ! ಇಲ್ಲಿ ಒಂದು ತುಣುಕು ಬಿಸಿಲು ಬಿದ್ದರೆ ಉಳಿದವರೆಲ್ಲ ಕುರ್ಚಿ ಎತ್ತಿಕೊಂಡು ಅದರ ಹಿಂದೆ ಓಡುತ್ತಾರೆ. ಭಾವ ಮಾತ್ರ ಹೊರಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು, ತಮ್ಮ ಮನೆಯ ಪಡುವಣ ಗೋಡೆಯನ್ನು ಜ್ವರ ಬಂದ ಮಗುವನ್ನು ನೋಡುವ ಹಾಗೆ ನೋಡುತ್ತಾರೆ. “ತಿನ್ನಾಕ ಹತ್ತೇದ ನೋಡು,” ಎನ್ನುತ್ತಾರೆ. ಯಾರು? ಬಿಸಿಲು. ಏನನ್ನು? ಬಣ್ಣವನ್ನು!

ಭಾವ ಎಂಜಿನಿಯರು. ಅರಿಜೋನಾದ ಮರುಭೂಮಿಯ ಒಂದು ಊರಿನಲ್ಲಿ ಬಹಳ ವರ್ಷ ಬಾಳಿದವರು. ಮಗಳಿಗೆ ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿ ಕೆಲಸ. ಅವಳ ಹತ್ತಿರವಿರೋಣವೆಂದು ಒಂಬತ್ತು ವರ್ಷದ ಹಿಂದೆ ಇಲ್ಲಿ ಮಿಲ್ ಕ್ರೀಕ್‌ನಲ್ಲಿ ಮನೆ ಕೊಂಡರು. ಮರುಭೂಮಿಯಿಂದ ಬರುವಾಗ ಸಾಮಾನಿನ ಲಾರಿಯಲ್ಲಿ ಒಂದು ಏಣಿಯನ್ನೂ ತಲೆಯಲ್ಲಿ ಒಂದು ಪಂಚಾಂಗವನ್ನೂ ತಂದರು. ಪಂಚಾಂಗ ಹೀಗಿದೆ: ಪಡುವಣ ಗೋಡೆಗೂ ತೆಂಕಣ ಗೋಡೆಗೂ ಮೂರು ವರ್ಷಕ್ಕೊಮ್ಮೆ ಬಣ್ಣ, ಮೂಡಣ ಗೋಡೆಗೆ ಐದು, ಬಡಗಣದ್ದಕ್ಕೆ ಏಳು. ಸುಡುವ ಮರುಭೂಮಿಯಲ್ಲಿ ಇದರಲ್ಲಿ ಒಂದಿಷ್ಟು ಅರ್ಥವಿತ್ತು, ಒಪ್ಪುತ್ತೇನೆ. ಆದರೆ ಇಲ್ಲಿ? ಕೊಡೆ ಹಿಡಿದು ಬಿಸಿಲಿನ ಲೆಕ್ಕ ಹಾಕುವ ಮನುಷ್ಯನನ್ನು ನೀವು ಕಂಡಿದ್ದೀರಾ?

ಈ ಪಂಚಾಂಗದಿಂದಾಗಿ ಆ ಮನೆಯ ಗೋಡೆ ಒಂದೊಂದಕ್ಕೂ ಒಂದೊಂದು ವಯಸ್ಸು. ಬಣ್ಣದ ಹೆಸರು ಒಂದೇ ಆದರೂ ಒಂದು ಗೋಡೆ ಮದುಮಗಳು, ಇನ್ನೊಂದು ಅವಳ ಅತ್ತೆ. ಮಗಳು ಒಮ್ಮೆ ಕೇಳಿಯೇಬಿಟ್ಟಳು: “ಅಪ್ಪಾ, ನಾಲ್ಕಕ್ಕೂ ಸೆಪರೇಟಾಗಿ ಬರ್ತ್‌ಡೇ ಮಾಡ್ಬೇಕಾ, ಇಲ್ಲ ಒಂದೇ ಕೇಕ್ ಸಾಕಾ?”

“ಕೇಕ್ ಬ್ಯಾಡವ್ವಾ, ಪ್ರೈಮರ್ ತಂದುಕೊಡು,” ಎಂದರು ಭಾವ.

ಇನ್ನು ನನ್ನ ವಿಷಯ. ನಾನು ರಾಯಚೂರು ಕಡೆಯವನು, ಓದಿದ್ದು ಎಸ್ಸೆಸ್ಸೆಲ್ಸಿ. ಐವತ್ತು ದಾಟಿದ ಮೇಲೆ ಅಕ್ಕ ಹಾಕಿದ್ದ ವಲಸೆ ಅರ್ಜಿಯ ದೆಸೆಯಿಂದ ಈ ದೇಶಕ್ಕೆ ಬಂದೆ. ನಿವೃತ್ತಿಯಾಗುವವರೆಗೆ ಇಲ್ಲಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಪೇಂಟ್ ಕೌಂಟರಿನ ಹಿಂದೆ ನಿಂತು ಬಣ್ಣ ಕಲಸಿಕೊಟ್ಟೆ. ಹಾಗಾಗಿ ಈ ವಸಂತದಲ್ಲಿ ಭಾವನಿಗೆ ಎರಡು ಸಲ ತಲೆ ಸುತ್ತಿ, ಡಾಕ್ಟರು “ಏಣಿಯ ಹತ್ತಿರ ಸುಳಿಯಬೇಡಿ” ಎಂದಾಗ ಅಕ್ಕ ನನ್ನನ್ನೇ ಹಿಡಿದಳು.

“ಜುಲೈದಾಗ ಪಡುವಣ ಗೋಡಿ ಪಾಳಿ ಬರ್ತದ. ಇವ್ರು ಹತ್ತೇ ಹತ್ತತಾರ. ನೀ ಬಣ್ಣದಂಗಡಿಯಾವ, ಹೆಂಗರೆ ಮಾಡಿ ಬಿಡಿಸು.”

“ಕೆಲಸದವರನ್ನ ಕರೆಸಿದರಾಯ್ತಲ್ಲಕ್ಕಾ?”

“ಕರೆಸಿದ್ವಿ. ಆ ಮನುಷ್ಯಾ ಗೋಡಿ ನೋಡಿ, ಇದಕ್ಕ ಬಣ್ಣಾನೇ ಬ್ಯಾಡ ಅಂದ. ಇವ್ರು ಅವನ್ನ ಹೊರಗ ಹಾಕಿದ್ರು!”

ಭಾವನನ್ನು ಏಣಿಯಿಂದ ದೂರ ಇಡಬಲ್ಲ ಮಾತು ಒಂದಿತ್ತು. ಅದು ನನ್ನ ಹತ್ತಿರವೇ ಇತ್ತು. ಇಪ್ಪತ್ತು ವರ್ಷದಿಂದ ಅದನ್ನು ನುಂಗಿಕೊಂಡಿದ್ದೆ. ಜುಲೈ ಬರುವುದರೊಳಗೆ ಉಗುಳಲೇಬೇಕಿತ್ತು. ತಪ್ಪೊಪ್ಪಿಕೊಳ್ಳಲು ಹೊರಟವನಿಗೆ ನೂರು ಅಡ್ಡದಾರಿ ಕಾಣಿಸುತ್ತವೆ ನೋಡಿ, ಹಾಗಾಗಿ ಮೊದಲು ಭಾವನ ಅಂಗೈ ಪರೀಕ್ಷೆಯ ವಿಷಯ ಹೇಳಿಬಿಡುತ್ತೇನೆ.

ನಮ್ಮೂರಿನಲ್ಲಿ ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಒರಗಿದವನ ಬೆನ್ನು ಬೆಳ್ಳಗಾಗದಿದ್ದರೆ ಆ ಮನೆಯಲ್ಲಿ ಈ ವರ್ಷ ಸುಣ್ಣ ಹೊಡೆದಿಲ್ಲವೆಂದೇ ಅರ್ಥ. ಮರುಭೂಮಿಯಲ್ಲಿ ಇದು ತಿರುಗುಮುರುಗು. ಬಿಸಿಲಿಗೆ ಬಣ್ಣ ಸತ್ತು ಪುಡಿಯಾಗುತ್ತದೆ. ಗೋಡೆಗೆ ಅಂಗೈ ಒತ್ತಿ ಉಜ್ಜಿದಾಗ ವಿಭೂತಿಯ ಹಾಗೆ ಪುಡಿ ಬಂತೋ, ಕುಂಚ ಎತ್ತಿಕೊಳ್ಳಬೇಕು. ಭಾವ ಇದನ್ನು ಎಲ್ಲಿ ಹೋದರೂ ಮಾಡುತ್ತಾರೆ. ಎಲ್ಲಿ ಹೋದರೂ!

ಓವರ್‌ಲೇಕ್‌ನ ಹತ್ತಿರ ಬೆಂಗಳೂರಿನ ಹುಡುಗಿಯೊಬ್ಬಳ ಗೃಹಪ್ರವೇಶ. ಬಂದವರೆಲ್ಲ ಒಳಗೆ ಅಡುಗೆಮನೆಯ ಕಲ್ಲನ್ನು ಸವರಿ ಹೊಗಳುತ್ತಿದ್ದರು. ಭಾವ ರೇಷ್ಮೆ ಪಂಚೆ ಎತ್ತಿ ಕಟ್ಟಿ, ಜಿನುಗುವ ಮಳೆಯಲ್ಲಿ ಹೊರಗೋಡೆ ಸವರುತ್ತ ನಿಂತಿದ್ದರು.

“ಅಂಕಲ್, ಏನ್ ಮಾಡ್ತಿದೀರಾ? ಒಳಗ್ ಬನ್ನಿ, ನೆನೀತಿದೀರ!”

“ಪುಡಿ ನೋಡಾಕತ್ತೀನವ್ವಾ.”

ಅಂಗೈಯಲ್ಲಿ ಪುಡಿ ಎಲ್ಲಿಂದ ಬರಬೇಕು? ಹಸಿರು ಪಾಚಿ ಬಂದಿತ್ತು! ಬೇರೆಯವರಾದರೆ ಸೋತೆನೆಂದು ಕೈ ತೊಳೆಯುತ್ತಿದ್ದರು. ಭಾವ ಅದನ್ನು ಮೂಸಿ ನೋಡಿ, “ಬಣ್ಣಾ ಸತ್ತು ಭಾಳ ದಿನ ಆಗ್ಯಾವ. ಮ್ಯಾಲೆ ಹುಲ್ಲು ಬೆಳೆದದ,” ಎಂದು ತೀರ್ಪು ಕೊಟ್ಟರು. ಆ ಹುಡುಗಿಯ ಮುಖ ನೋಡಬೇಕಿತ್ತು. ಹಾಲು ಉಕ್ಕಿಸಿ ಇನ್ನೂ ಒಂದು ಗಂಟೆಯಾಗಿರಲಿಲ್ಲ!

ಇಂಥ ಹೊತ್ತಿನಲ್ಲಿ ಅಕ್ಕ ಸುಮ್ಮನಿರುವವಳಲ್ಲ. “ನಲವತ್ತೆಂಟು ವರ್ಷ ಆತು ಲಗ್ನ ಆಗಿ. ನನ್ನ ಹಣಿ ಮ್ಯಾಲೆ ಒಂದ್ ಸಲನಾದ್ರೂ ಇಷ್ಟು ಪ್ರೀತಿಲೆ ಕೈ ಇಟ್ಟು ನೋಡ್ಯಾರೇನು ಕೇಳು!”

“ನೀ ಬಡಗಣ ಗೋಡಿ ಇದ್ದಂಗ,” ಎನ್ನುತ್ತಾರೆ ಭಾವ, “ನಿನಗ ಬಿಸಿಲು ತಾಕೇ ಇಲ್ಲ.” ಇದು ಹೊಗಳಿಕೆಯೋ ಬೈಗುಳವೋ ಅಕ್ಕನಿಗೆ ಇವತ್ತಿಗೂ ತಿಳಿದಿಲ್ಲ.

ಮನೆಗಳ ಹೊರಬಣ್ಣಕ್ಕೂ ನಿಯಮ ಹಾಕುವ ಬಡಾವಣೆಯ ಸಂಘದವರು ಸುಮ್ಮನಿದ್ದರೇ? ಒಂದು ದಿನ ಸಂಘದ ಪರವಾಗಿ ಒಬ್ಬ ಬಿಳಿಯ ಹೆಂಗಸು ಕೈಯಲ್ಲಿ ಶೇಡ್ ಕಾರ್ಡು ಹಿಡಿದು ಬಂದಳು. “ಸರ್, ಯುವರ್ ವಾಲ್ಸ್ ಡೋಂಟ್ ಮ್ಯಾಚ್,” ಎಂದಳು. ಭಾವ ಅವಳನ್ನು ಗೌರವದಿಂದ ಮೂಡಣ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ಅಂಗೈ ಒತ್ತಿಸಿದರು, ಅಲ್ಲಿಂದ ಪಡುವಣಕ್ಕೆ ಕರೆತಂದು ಅಲ್ಲೂ ಒತ್ತಿಸಿದರು. ಅರ್ಧ ಗಂಟೆ ಪಾಠ. ದೂರು ಹೇಳಲು ಬಂದವಳು ತನ್ನ ಮನೆಗೆ ಹೋಗಿ ಗೋಡೆ ಉಜ್ಜಿದಳು. ಪುಡಿ ಬಂತು! ಈಗ ಪ್ರತಿ ಏಪ್ರಿಲ್‌ನಲ್ಲಿ, ಈ ವರ್ಷ ಯಾವ ಗೋಡೆಯ ಪಾಳಿ ಎಂದು ಕೇಳಲು ಅವಳು ಭಾವನಿಗೆ ಫೋನ್ ಮಾಡುತ್ತಾಳೆ. ದೂರು ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿಲ್ಲ.

ಭಾವ ಇಲ್ಲಿಗೆ ಬಂದ ಮೊದಲ ಬೇಸಿಗೆಯ ಕತೆಯಂತೂ ನಾನು ಎಷ್ಟು ಮನೆಗಳಲ್ಲಿ ಹೇಳಿ ನಗಿಸಿದ್ದೇನೋ! ಮರುಭೂಮಿಯಲ್ಲಿ ಗೋಡೆ ಕಾಯುವ ಮೊದಲು, ಸೂರ್ಯ ಹುಟ್ಟುವಾಗಲೇ ಬಣ್ಣ ಹಚ್ಚಿ ಮುಗಿಸಬೇಕು. ಭಾವ ಇಲ್ಲಿಯೂ ಬೆಳಗಿನ ಐದಕ್ಕೇ ಏಣಿ ಹತ್ತಿದರು. ಮಿಲ್ ಕ್ರೀಕ್‌ನ ಗೋಡೆ ಆ ಹೊತ್ತಿಗೆ ಇಬ್ಬನಿಯಲ್ಲಿ ಮಿಂದು ನಿಂತಿರುತ್ತದೆ. ಹಚ್ಚಿದ ಬಣ್ಣವೆಲ್ಲ ಇಳಿದು ಇಳಿದು, ಎಂಟು ಗಂಟೆಗೆ ನಾನು ಹೋಗಿ ನೋಡಿದಾಗ ಗೋಡೆ ಗೋಳೋ ಎಂದು ಅಳುತ್ತಿತ್ತು. ಭಾವ ಕೆಳಗೆ ಕೂತು, ಹೂವಿನ ಗಿಡಗಳ ಎಲೆ ಒರೆಸುತ್ತಿದ್ದರು.

ನಗಿಸಿದ್ದೇನೆ ಎಂದೆನಲ್ಲ, ಅಲ್ಲಿಯೇ ನನ್ನ ಪಾಪವೂ ಇದೆ. ಈಗ ಹೇಳುತ್ತೇನೆ.

ಈ ದೇಶಕ್ಕೆ ಬಂದಾಗ ನಾನು ಮೊದಲು ಇಳಿದದ್ದು ಭಾವನ ಮರುಭೂಮಿಯ ಮನೆಯಲ್ಲಿ. ಡಿಸೆಂಬರ್, ಜನವರಿ ಎರಡು ತಿಂಗಳು ಅಲ್ಲಿದ್ದೆ. ಅಲ್ಲಿಯ ಚಳಿಗಾಲದ ಬಿಸಿಲು ಹಿತವಾಗಿ ಬೆನ್ನು ಕಾಯಿಸುವಂಥದ್ದು. “ಇದೇ ಏನು ನಿಮ್ಮ ಮರುಭೂಮಿ? ನಮ್ಮ ರಾಯಚೂರ ಬಿಸಿಲಿನ ಮುಂದ ಇದು ಬೆಳದಿಂಗಳು!” ಎಂದು ಒಳಗೊಳಗೇ ನಕ್ಕಿದ್ದೆ. ರಾಯಚೂರಿನವನಿಗೆ ಬೇರೆ ಯಾವ ಹೆಮ್ಮೆ ಇರದಿದ್ದರೂ ಬಿಸಿಲಿನ ಹೆಮ್ಮೆ ಇದ್ದೇ ಇರುತ್ತದೆ. ಆಮೇಲೆ ಊರ ಗೆಳೆಯನೊಬ್ಬ ಸಿಯಾಟಲ್ ಕಡೆ ಕೆಲಸ ಕೊಡಿಸಿದ. ಪೇಂಟ್ ಕೌಂಟರು ಸೇರಿ ಇನ್ನೂ ಎರಡು ವಾರವಾಗಿರಲಿಲ್ಲ, ಭಾವ ಫೋನ್ ಮಾಡಿದರು.

“ಮನಿಗೆ ಬಣ್ಣ ಹಚ್ಚಬೇಕಂತ ಮಾಡೀನಿ. ಯಾವುದು ಹಚ್ಚಲಿ? ಎಷ್ಟು ವರ್ಷಕ್ಕೊಮ್ಮೆ ಹಚ್ಚಬೇಕು?”

ನನಗೆ ಏನು ಗೊತ್ತಿತ್ತು? ಏನೂ ಗೊತ್ತಿರಲಿಲ್ಲ. ಆದರೆ ಅಂಗಡಿಯ ಏಪ್ರನ್ ಕಟ್ಟಿಕೊಂಡಿದ್ದೆ, ಅದರ ಮೇಲೆ ನನ್ನ ಹೆಸರಿನ ಬಿಲ್ಲೆ ಇತ್ತು. “ಕಾವಿ ಬಣ್ಣ ಹಚ್ಚರಿ ಭಾವ, ನಮ್ಮೂರ ಜಗಲಿ ಇದ್ದಂಗ. ಒಮ್ಮೆ ಹಚ್ಚಿದ್ರ ಹದಿನೈದು ವರ್ಷ ಅಲುಗಾಡಂಗಿಲ್ಲ!” ಎಂದುಬಿಟ್ಟೆ.

ಜಗಲಿಯ ಕಾವಿ ಮಣ್ಣು ಬಿಸಿಲು ತಡೆಯುತ್ತದೆ, ಡಬ್ಬಿಯಲ್ಲಿ ಕಲಸಿದ ಅಂಥ ಕೆಂಪು ಎಲ್ಲಕ್ಕಿಂತ ಮೊದಲು ಸೋಲುತ್ತದೆ ಎಂದು ನಾನು ಕಲಿತದ್ದು ಆಮೇಲೆ. ಎರಡೇ ಬೇಸಿಗೆ! ಕಾವಿ ಬಣ್ಣ ಗುಲಾಬಿಯಾಯಿತು. ಅದೂ ಎಂಥ ಗುಲಾಬಿ? ಜಾತ್ರೆಯ ಮಿಠಾಯಿಯ ಗುಲಾಬಿ! ಅಲ್ಲಿಯ ಕನ್ನಡದವರು ಯಾರಿಗಾದರೂ ದಾರಿ ಹೇಳುವಾಗ “ಗುಲಾಬಿ ಮಹಲಿನಿಂದ ಎಡಕ್ಕೆ” ಎನ್ನತೊಡಗಿದರು. ಭಾವನಂಥ ಎಂಜಿನಿಯರು ಹೇಗೆ ಮೋಸಹೋದರೆಂದು ಜನ ಕೇಳಿದರೆ ಅವರದು ಒಂದೇ ಉತ್ತರ: “ನಾನೇ ಡಬ್ಬಿ ಓದಲಿಲ್ಲ.” ನನ್ನ ಹೆಸರು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಆಮೇಲೆ ಒಬ್ಬರೇ ಏಣಿ ಹತ್ತಿ ಇಡೀ ಮನೆ ಬಳಿದರು. ಅಂಗೈ ಪರೀಕ್ಷೆ, ಪಂಚಾಂಗ, ಮೂರು ವರ್ಷದ ಭಯ, ಎಲ್ಲ ಶುರುವಾದದ್ದು ಅಂದಿನಿಂದ.

ನಾನು ಏನು ಮಾಡಿದೆ? ಗುಲಾಬಿ ಮಹಲಿನ ಕತೆಗೆ ಬಣ್ಣ ಕಟ್ಟಿ ಇಲ್ಲಿ ಮನೆಮನೆಯಲ್ಲಿ ಹೇಳಿದೆ. ಕೌಂಟರಿಗೆ ಬಂದ ಗಿರಾಕಿಗಳಿಗೂ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿ ನಗಿಸಿದೆ. ಕತೆಯಲ್ಲಿ ಫೋನ್ ಇರುತ್ತಿರಲಿಲ್ಲ, ಏಪ್ರನ್ ಇರುತ್ತಿರಲಿಲ್ಲ, ನಾನು ಇರುತ್ತಿರಲಿಲ್ಲ. ಒಬ್ಬ ಹುಚ್ಚು ಭಾವ ಮಾತ್ರ ಇರುತ್ತಿದ್ದರು. ಆ ಹುಚ್ಚನ್ನು ಹಿಡಿಸಿದವನು ನಾನು ಎಂದು ಯಾವತ್ತೂ ಹೇಳಲಿಲ್ಲ. ಈ ವಸಂತದಲ್ಲಿ ಡಾಕ್ಟರ ಮಾತು ಕೇಳಿದ ಮೇಲೆ ಮಾತ್ರ ಅನ್ನ ಇಳಿಯದಾಯಿತು. ಈ ಮನುಷ್ಯ ಏಣಿಯಿಂದ ಬಿದ್ದರೆ ನೂಕಿದವನು ನಾನೇ ಅಲ್ಲವೆ?

ಜುಲೈ ಬಂತು. ನಾನು ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ದೂಡಿದೆ. ಒಂದು ಶನಿವಾರ ಬೆಳಿಗ್ಗೆ ಅಕ್ಕನ ಫೋನು: “ಏಣಿ ಹತ್ಯಾರ!” ನಾನು ಹೋಗುವಷ್ಟರಲ್ಲಿ ಭಾವ ಪಡುವಣ ಗೋಡೆಯಲ್ಲಿ ಏಣಿಯ ಆರನೆಯ ಮೆಟ್ಟಿಲ ಮೇಲಿದ್ದರು. ಬಣ್ಣದ ಡಬ್ಬಿ ತೆರೆದಿತ್ತು, ಕುಂಚ ಇನ್ನೂ ಅದ್ದಿರಲಿಲ್ಲ. ನಾನು ಓಡಿ ಏಣಿ ಹಿಡಿದೆ.

“ಇಳೀರಿ ಭಾವ.”

“ಹಿಡ್ಕೊಂಡಿದ್ದಿ ಹೌದಿಲ್ಲೋ? ಗಟ್ಟಿ ಹಿಡಿ. ಮಾತು ಬ್ಯಾಡ.”

ಕತ್ತೆತ್ತಿ ಮುಖ ನೋಡಲು ಧೈರ್ಯ ಬರಲಿಲ್ಲ. ಅವರ ಚಪ್ಪಲಿಗೆ ಹೇಳಿದೆ. ಹದಿನೈದು ವರ್ಷವೆಂದದ್ದು ಶುದ್ಧ ಸುಳ್ಳು, ಅವತ್ತು ನನಗೆ ಏನೂ ಗೊತ್ತಿರಲಿಲ್ಲ, ನಿಮ್ಮನ್ನು ಊರೆಲ್ಲ ನಗುವ ಹಾಗೆ ಮಾಡಿದವನು ನಾನು, ಆಮೇಲೆ ಆ ನಗುವಿನಲ್ಲಿ ಸೇರಿಕೊಂಡವನೂ ನಾನು. ಎಲ್ಲ ಹೇಳಿದೆ. ಚಪ್ಪಲಿ ಅಲುಗಾಡಲಿಲ್ಲ.

“ಗೊತ್ತಿತ್ತೋ,” ಎಂದಿತು ಮೇಲಿನಿಂದ ದನಿ.

“ಏನು ಗೊತ್ತಿತ್ತು?”

“ಡಬ್ಬಿ ಮ್ಯಾಲೆ ಬರೆದಿತ್ತು, ಸುಡು ಬಿಸಿಲಿಗೆ ಈ ಕೆಂಪು ಬ್ಯಾಡ ಅಂತ. ಓದಿದ್ದೆ. ಎರಡು ಸಲ ಓದಿದ್ದೆ.”

“ಮತ್ತ ಯಾಕ ಹಚ್ಚಿದ್ರಿ?”

“ನಮ್ಮನಿಯಾಗ ಎರಡು ತಿಂಗಳು ಇದ್ದಿ. ಏನ್ ಕೇಳಿದ್ರೂ ‘ನನಗೇನ್ ತಿಳೀತದ ಭಾವ, ನಾ ಎಸ್ಸೆಸ್ಸೆಲ್ಸಿ’ ಅಂತಿದ್ದಿ. ಊಟಕ್ಕ ಏನ್ ಬೇಕಂದ್ರೂ ಅದೇ ಮಾತು. ಕೆಲಸ ಹೆಂಗ ನಡೆದದ ಅಂತ ನೇರ ಕೇಳಿದ್ರ ಮತ್ತ ಅದೇ ಅಂತೀ ಅಂತ, ಬಣ್ಣದ ನೆವಾ ಮಾಡಿ ಫೋನ್ ಹಚ್ಚಿದೆ. ನೀ ‘ಹದಿನೈದು ವರ್ಷ, ಅಲುಗಾಡಂಗಿಲ್ಲ’ ಅಂದಿ. ಏನ್ ಗತ್ತಿನಲೆ ಅಂದಿ! ನಿಮ್ಮಕ್ಕ ಪಕ್ಕದಾಗ ನಿಂತು ಕೇಳಿ ಅತ್ತುಬಿಟ್ಟಳು. ಅಂಥಾ ಮಾತು ಸುಳ್ಳು ಮಾಡಾಕ ಆಗ್ತದೇನಲೇ? ಹಚ್ಚಿದೆ.”

“ಈ ಮೂರು ವರ್ಷದ ಪಂಚಾಂಗ ಯಾಕ ಮತ್ತ?” ಎಂದೆ.

“ಮೂರು ವರ್ಷಕ್ಕೊಮ್ಮೆ ಹಚ್ಚಿಬಿಟ್ರ, ನೀ ಯಾವ ಬಣ್ಣ ಹೇಳಿದ್ರೂ ನಡೀತದ ನೋಡು!”

ಏಣಿ ನಡುಗಿತು. ಅವರು ನಕ್ಕದ್ದಕ್ಕೋ ನಾನು ಹಿಡಿದದ್ದಕ್ಕೋ ತಿಳಿಯಲಿಲ್ಲ. ಆಮೇಲೆ ಅವರು ಕುಂಚವನ್ನು ಕೆಳಗೆ ಚಾಚಿ, ಇಪ್ಪತ್ತು ವರ್ಷದ ಹಿಂದೆ ಫೋನಿನಲ್ಲಿ ಕೇಳಿದ ಹಾಗೆಯೇ ಕೇಳಿದರು:

“ಈಗ ಹೇಳು. ಈ ಊರಾಗ ಎಷ್ಟು ವರ್ಷಕ್ಕೊಮ್ಮೆ?”

“ಎಂಟು ವರ್ಷ, ಭಾವ,” ಎಂದೆ. ಈ ಸಲ ಗತ್ತು ಇರಲಿಲ್ಲ. “ಇದು ಖರೇ ಅದ.”

ಭಾವ ಗೋಡೆಯನ್ನು ಮುಟ್ಟಿ ನೋಡಲಿಲ್ಲ, ಡಬ್ಬಿಯನ್ನೂ ಓದಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದು ಬಂದು, ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. ಅಡುಗೆಮನೆಯ ಕಿಟಕಿಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದರು: “ಏ, ಕೇಳಿದೇನು? ಎಂಟರಾಗ ಮೂರು ಮುಗದಾವ, ಇನ್ನ ಐದು ವರ್ಷ ಹಚ್ಚೋದು ಬ್ಯಾಡಂತ. ನಿನ್ನ ತಮ್ಮ ಹೇಳ್ಯಾನ!”

ಅವರು ಚಹಾಕ್ಕೆ ಒಳಗೆ ಹೋದರು. ನಾನು ಏಣಿ ಮಡಚುವ ನೆವದಲ್ಲಿ ಬಹಳ ಹೊತ್ತು ಹೊರಗೇ ಉಳಿದೆ.