ಅಮ್ಮ ಕಸೂತಿ ಹಾಕಿದ ಇನ್ಸುಲಿನ್

ಸಾಗರದ ಕಾಲೇಜೊಂದರಲ್ಲಿ ನಾನು ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಬಿಡುವಿದ್ದಾಗ ಕಂಪ್ಯೂಟರಿನಲ್ಲಿ ಅಣುಗಳ ಚಿತ್ರ ಮಾಡುತ್ತೇನೆ. ಕಣ್ಣಿಗೆ ಕಾಣದ್ದನ್ನು ತೋರಿಸಲು ಹೊರಟವರಿಗೆ ಮುಂದೆ ಹೇಳುವಂಥ ಪ್ರಸಂಗಗಳು ತಪ್ಪುವುದಿಲ್ಲ. ನೋಡುವವರು ತಮಗೆ ಗೊತ್ತಿದ್ದನ್ನೇ ಅದರಲ್ಲಿ ಕಾಣುತ್ತಾರೆ.

೧. ಹೊಳಪು

ಮೊದಲ ಸಲ ಸಾಫ್ಟ್‌ವೇರ್ ಕೊಟ್ಟ ಹಾಗೆಯೇ ನೆರಳು, ಮಿರುಗು ಎಲ್ಲ ಸೇರಿಸಿ ಕಾಫಿಯಲ್ಲಿರುವ ಕೆಫೀನ್ ಅಣುವನ್ನು ತರಗತಿಯ ಪರದೆಯ ಮೇಲೆ ತೋರಿಸಿದೆ. ಬಣ್ಣಬಣ್ಣದ ಗುಂಡುಗಳು ಫಳಫಳ ಹೊಳೆಯುತ್ತಿದ್ದವು.

"ಇದೇನು ಹೇಳಿ ನೋಡೋಣ" ಎಂದೆ.

ಹಿಂದಿನ ಬೆಂಚಿನ ಹುಡುಗಿ ಮೆಲ್ಲಗೆ ಕೇಳಿದಳು: "ಬಲೂನು ಚೆನ್ನಾಗಿದೆ ಮಿಸ್. ಯಾರ ಬರ್ತ್‌ಡೇ?"

ಅವತ್ತೇ ಹೊಳಪು ತೆಗೆದುಹಾಕಿದೆ. ಚಪ್ಪಟೆ ಬಣ್ಣ, ಸುತ್ತ ಕಪ್ಪು ಗೆರೆ, ಅಷ್ಟೇ.

೨. ನಡುವಿನ ಜಾಗ

ಆ ಹೊಸ ಚಿತ್ರವನ್ನು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆಂದು ಫ್ಲೆಕ್ಸ್ ಅಂಗಡಿಗೆ ಒಯ್ದೆ. ಅಂಗಡಿಯವರು ಅಣುವಿನ ನಡುವಿನ ಆರು ಮೂಲೆಯ ಉಂಗುರವನ್ನೇ ನೋಡುತ್ತಾ ಕೂತರು.

"ಇಲ್ಲಿ ಜಾಗ ಬಿಟ್ಟಿದ್ದೀರಲ್ಲ ಮೇಡಂ, ಯಾರ ಫೋಟೋ ಹಾಕ್ಬೇಕು?"

"ಯಾರದ್ದೂ ಇಲ್ಲ. ಅದು ಖಾಲಿನೇ ಇರ್ಬೇಕು."

ಅವರು ದನಿ ತಗ್ಗಿಸಿದರು. "ಅಭ್ಯರ್ಥಿ ಇನ್ನೂ ಫೈನಲ್ ಆಗಿಲ್ವಾ?"

೩. ಎರಡು ಎಳೆ

ತೀರ್ಥಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮನಿಗೆ ಸಕ್ಕರೆ ಕಾಯಿಲೆ. ಮಾತ್ರೆ ಸಾಲದು, ಇನ್ಸುಲಿನ್ ಬೇಕೇ ಬೇಕು ಎಂದರು ಡಾಕ್ಟರು. ಅಮ್ಮ ಒಪ್ಪಲಿಲ್ಲ. "ಒಳಗೆ ಎಂತ ಹೋಗ್ತದೆ ಅಂತ್ಲೇ ಗೊತ್ತಿಲ್ಲ, ಬೇಡ ಮಾರಾಯ್ತಿ." ಫೋನಿನಲ್ಲಿ ಬೇಡಿಕೊಂಡೆ, ಬೈದೆ. ಕೊನೆಗೆ ಇನ್ಸುಲಿನ್ ಚಿತ್ರ ಮಾಡಿಕೊಂಡು ಲ್ಯಾಪ್‌ಟಾಪ್ ಸಮೇತ ಬಸ್ಸು ಹತ್ತಿದೆ.

ಒಂದು ಹಸಿರು ಎಳೆ, ಒಂದು ಗುಲಾಬಿ ಎಳೆ. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಎರಡು ಇದ್ಯಲ್ಲೇ?"

"ಹೌದಮ್ಮ. ಒಂದಕ್ಕೊಂದು ಅಂಟಿಕೊಂಡೇ ಇರ್ಬೇಕು. ಬಿಟ್ಟುಹೋದ್ರೆ ಕೆಲಸ ಮಾಡಲ್ಲ."

"ಇದ್ರಲ್ಲಿ ನೀನು ಯಾವ್ದು, ನಾನು ಯಾವ್ದು?"

ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು ಅವಳ ಪಕ್ಕ ಕೂತೆ. ಅಮ್ಮ ಸೆರಗು ಸರಿಸಿ, ಕಣ್ಣು ಮುಚ್ಚಿ, "ಚುಚ್ಚು" ಎಂದಳು. ಡಾಕ್ಟರ ಹತ್ತಿರ ಕಲಿತು ಬಂದಿದ್ದ ಅಣ್ಣ ತೋರಿಸಿಕೊಟ್ಟ ಹಾಗೆ ಸೂಜಿ ಹಿಡಿದೆ. ಚುಚ್ಚುವ ಬದಲು ಅದೇ ಜಾಗವನ್ನು ಹತ್ತಿಯಿಂದ ಮೂರನೇ ಸಲ ಒರೆಸಿದೆ.

ಕಣ್ಣು ಮುಚ್ಚಿಕೊಂಡೇ ಅಮ್ಮ ನನ್ನ ಬೆನ್ನು ಸವರಿದಳು. "ಹೆದರ್ಬೇಡ. ನೋವಾಗಲ್ಲ."

೪. ದಿಂಬಿನ ಕವರು

ಕಪ್ಪು ಗೆರೆ ಇರುವುದರಿಂದ ಬಟ್ಟೆಗೆ ಅಚ್ಚು ಇಳಿಸುವುದು ಸಲೀಸು ಎಂದು ಅಮ್ಮ ಚಿತ್ರದ ಪ್ರಿಂಟ್ ಕೇಳಿ ಇಟ್ಟುಕೊಂಡಿದ್ದಳು. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಚೀಲದಿಂದ ದಿಂಬಿನ ಕವರು ತೆಗೆದಳು. ಹಸಿರು, ಗುಲಾಬಿ ದಾರದ ಕಸೂತಿ, ಅಂಚಿಗೆ ಕಪ್ಪು ಹೊಲಿಗೆ.

"ಯಾವ ಬಳ್ಳಿ ಅಮ್ಮಾ ಇದು?" ಎಂದರು ಡಾಕ್ಟರು.

"ಬಳ್ಳಿ ಅಲ್ಲ. ನೀವೇ ಬರ್ಕೊಟ್ಟಿದ್ದಲ್ವಾ, ಇನ್ಸುಲಿನ್."

ಡಾಕ್ಟರು ನಕ್ಕರು. ರಿಪೋರ್ಟ್ ನೋಡಿ ಇನ್ನೊಮ್ಮೆ ನಕ್ಕರು. "ಸಕ್ಕರೆ ಹತೋಟಿಗೆ ಬಂದಿದೆ. ಹೀಗೇ ಮುಂದುವರಿಸಿ."

ಅಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಹಂಗಾದ್ರೆ ಡಾಕ್ಟ್ರೇ, ರಾತ್ರಿಯಿಡೀ ಇದ್ರ ಮೇಲೇ ತಲೆಯಿಟ್ಟು ಮಲಗ್ತೀನಲ್ಲ, ಬೆಳಗಿನ ಸೂಜಿ ಒಂದು ಬಿಡಬಹುದಾ?"