ಅತ್ತೆ ತೆಗೆದ ಕೋಪದ ಸೀನು

ನನ್ನ ಸೋದರತ್ತೆಗೆ ಸಿನಿಮಾ ಕಂಡರೆ ಆಗುತ್ತಿರಲಿಲ್ಲ. ಅದಕ್ಕೇ ಅವರು ಸಿನಿಮಾ ಕಲಿಯಲು ಕಾಲೇಜು ಸೇರಿದರು!

ನಗಬೇಡಿ. ಅತ್ತೆಯ ಪಕ್ಕ ಕೂತು ಒಂದು ಸಿನಿಮಾ ನೋಡಿದ್ದರೆ ನಿಮಗೂ ಅರ್ಥವಾಗುತ್ತಿತ್ತು. ನಾಯಕಿ ಮಳೆಯಲ್ಲಿ ನೆನೆದು ಹಾಡುತ್ತಿದ್ದರೆ, "ಈ ಹುಡುಗಿ ತಲೆ ಒರೆಸೋರು ಯಾರೇ?" ನಾಯಕ ಸಿಟ್ಟಿನಿಂದ ಮನೆ ಬಿಟ್ಟು ಹೊರಟರೆ, "ಒಲೆ ಮೇಲೆ ಹಾಲಿತ್ತಲ್ಲ, ಆರಿಸಿದ್ನಾ?" ಮುಂದಿನ ಸಾಲಿನವರು ತಿರುಗಿ ದುರುಗುಟ್ಟಿದರೆ ಅವರಿಗೂ ಅದೇ ಪ್ರಶ್ನೆ: "ಅಲ್ಲ, ನೀವೇ ಹೇಳಿ, ಹಾಲು ಉಕ್ಕಲ್ವಾ?"

ತೊಂಬತ್ತರ ದಶಕದ ನಡುಭಾಗವಿರಬೇಕು. ಮಾವನಿಗೆ ಎರ್ನಾಕುಲಂ ಪಕ್ಕದ ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರಿನಲ್ಲಿ ಕಸ್ಟಮ್ಸ್ ಕೆಲಸ. ನಾನು ಮೈಸೂರಿನಿಂದ ಎಂ.ಎ. ಓದಲು ಬಂದು ತ್ರಿಪ್ಪುಣಿತ್ತುರದ ಅವರ ಮನೆಯಲ್ಲಿದ್ದೆ. ಆಗ ದಿನಚರಿ ಬರೆಯುತ್ತಿದ್ದೆನಾದರೂ ಅದರ ತುಂಬ ನನ್ನ ಜ್ವರ, ನನ್ನ ಪರೀಕ್ಷೆ, ನನ್ನ ಬೇಸರಗಳೇ. ಹಾಗಾಗಿ ಇಲ್ಲಿ ಬರುವ ಮಾತುಗಳಲ್ಲಿ ಅತ್ತೆಯವು ಎಷ್ಟು, ನಾನು ಎಲ್ಲರಿಗೂ ಹೇಳಿ ಹೇಳಿ ಪಾಲಿಶ್ ಮಾಡಿದವು ಎಷ್ಟು, ಪ್ರಮಾಣ ಮಾಡಲಾರೆ. ಹಾಲಿನ ವಿಷಯ ಮಾತ್ರ ಖಂಡಿತ ನಿಜ.

ಆ ಕಾಲೇಜು ಅಂದರೆ ವಾಚನಾಲಯದ ಮಹಡಿಯಲ್ಲಿ ಸಂಜೆ ನಡೆಯುತ್ತಿದ್ದ ಒಂದು ವರ್ಷದ ಕೋರ್ಸು. ವಯಸ್ಸಿನ ಮಿತಿ ಇಲ್ಲ, ಅಂಕಪಟ್ಟಿ ಬೇಡ, ಆಸಕ್ತಿಯಿದ್ದರೆ ಸಾಕು. ಬ್ಯಾಂಕಿನ ಗುಮಾಸ್ತ, ಅಂಬಲಮುಗಳ್‌ನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬರುವವರು, ಗಡ್ಡ ಬಿಟ್ಟ ಕವಿಗಳು, ಇವರ ಮಧ್ಯೆ ನಲವತ್ತೇಳು ದಾಟಿದ, ಮಲ್ಲಿಗೆ ಮುಡಿದ ನಮ್ಮ ಅತ್ತೆ. ಎಲ್ಲರಿಗೂ ಅವರು 'ಚೇಚಿ', ಅಂದರೆ ಅಕ್ಕ. ಪಾಠ ಹೇಳುವವರು 'ಮಾಷ್'. ಮಾಷ್ ಮೊದಲ ವಾರವೇ ಯಾವುದೋ ಹಿಮ ಬೀಳುವ ದೇಶದ ಕಪ್ಪುಬಿಳುಪು ಚಿತ್ರ ತೋರಿಸಿ, ಕಣ್ಣೊರೆಸಿಕೊಂಡು, "ಯಾರಾದರೂ ಏನಾದರೂ ಹೇಳಿ" ಎಂದರಂತೆ. ಅತ್ತೆ ಎದ್ದು ನಿಂತರು.

"ಮಾಷೇ, ಮೂರು ದಿನದ ಕಥೆ. ಆ ಮನೇಲಿ ಒಂದು ಸಲಾನೂ ಅಡಿಗೆ ಆಗಲಿಲ್ಲ. ಅವರ ದುಃಖಕ್ಕೆ ಅದೇ ಕಾರಣ ಇರಬಹುದಾ?"

ಮಾಷ್ ಬಹಳ ಹೊತ್ತು ಯೋಚಿಸಿ, "ಇರಬಹುದು ಚೇಚಿ" ಎಂದರಂತೆ. ಆ ಚಿತ್ರದ ಬಗ್ಗೆ ಅವರಿಗಿದ್ದ ಭಕ್ತಿ ಆಮೇಲೆ ಮೊದಲಿನ ಹಾಗೆ ಉಳಿಯಲಿಲ್ಲ ಎಂದು ಕೇಳಿದ್ದೇನೆ.

ಮನೆಯಲ್ಲಿ ಮಾವನ ಪಾಡು ಕೇಳಬೇಡಿ! ಹಡಗುಗಳನ್ನೇ ತಡೆದು ನಿಲ್ಲಿಸುತ್ತಿದ್ದ ಅಧಿಕಾರಿಯನ್ನು ಅತ್ತೆ ದಿನಾ ಸಂಜೆ ಬಾಗಿಲಲ್ಲಿ ತಡೆದು ನಿಲ್ಲಿಸುತ್ತಿದ್ದರು. "ರೀ, ಇನ್ನೊಂದ್ಸಲ ಒಳಗೆ ಬನ್ನಿ. ಈಗ ಬಂದಿದ್ದರಲ್ಲಿ ಆಯಾಸ ಕಾಣಲಿಲ್ಲ."

"ಆಯಾಸ ಆಗಿದೆ ಕಣೇ!"

"ಆಗಿದೆ, ಆದರೆ ಕಾಣ್ತಿಲ್ಲ."

ಮಾವ ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತಿದ್ದರು. ಈಗ ಆಯಾಸ ಚೆನ್ನಾಗಿ ಕಾಣುತ್ತಿತ್ತು. ಊಟಕ್ಕೆ ಕೂತರೆ ಅತ್ತೆ ಎರಡೂ ಕೈಯ ಬೆರಳು ಜೋಡಿಸಿ ಚೌಕ ಮಾಡಿ ನೋಡುವರು. "ಸ್ವಲ್ಪ ಎಡಕ್ಕೆ ಸರೀರಿ, ನಿಮ್ಮ ತಲೆ ಮೇಲೆ ಗಡಿಯಾರ ಬೆಳೀತಿದೆ." ಮಾವ ಪೇಪರಿನಿಂದ ಕಣ್ಣೆತ್ತದೆ, "ಸಾರು ಬಡಿಸು" ಎನ್ನುವರು. ಆ ಕೋರ್ಸಿನ ಬಗ್ಗೆ ಅವರು ಆಡಿದ ಪೂರ್ತಿ ವಿಮರ್ಶೆ ಅಷ್ಟೇ.

ಅಷ್ಟರಲ್ಲಿ ಮಾವನಿಗೆ ಮಂಗಳೂರಿಗೆ ವರ್ಗವಾಯಿತು. ಕೋರ್ಸು ಮುಗಿಯಲು ಒಂದು ಕಿರುಚಿತ್ರ ತೆಗೆದು ತಿರುವನಂತಪುರದಲ್ಲಿ ಪರೀಕ್ಷಕರ ಮುಂದೆ ತೋರಿಸಬೇಕಿತ್ತು. "ಸದ್ಯ, ಈ ಹುಚ್ಚು ಇಲ್ಲಿಗೇ ನಿಲ್ಲುತ್ತಲ್ಲ" ಎಂದರು ಮಾವ. ಅತ್ತೆ ನಗಲಿಲ್ಲ. "ಮದುವೆ ಅಂತ ಬಿ.ಎ. ಅರ್ಧಕ್ಕೆ ಬಿಟ್ಟೆ. ಇದನ್ನ ಬಿಡಲ್ಲ. ನೀವು ಸಾಮಾನು ಕಟ್ಟಿಸ್ತಾ ಇರಿ, ನಾನು ಮುಗಿಸಿಕೊಂಡೇ ಬರ್ತೀನಿ."

ಕ್ಯಾಮೆರಾ ಎಲ್ಲಿಂದ ತರುವುದು? ಮದುವೆ ವೀಡಿಯೋ ತೆಗೆಯುವ, ಎಲ್ಲರೂ 'ಚೇಟ್ಟ', ಅಂದರೆ ಅಣ್ಣ, ಎಂದು ಕರೆಯುತ್ತಿದ್ದ ಒಬ್ಬ ಒಪ್ಪಿದ. ಆಗ ಕರ್ಕಾಟಕ ಮಾಸ. ನಮ್ಮ ಆಷಾಢದ ಹಾಗೆ ಅಲ್ಲಿ ಆ ತಿಂಗಳು ಮದುವೆಗಳಿಲ್ಲ, ಕ್ಯಾಮೆರಾಕ್ಕೆ ಪುರುಸೊತ್ತು. ಆದರೆ ಮದುವೆ ಕ್ಯಾಮೆರಾದವನಿಗೆ ಎರಡು ವ್ರತಗಳಿರುತ್ತವೆ: ಯಾರ ಮುಖವನ್ನೂ ಬಿಡಬಾರದು, ಊಟದ ಹೊತ್ತಿನಲ್ಲಂತೂ ಕ್ಯಾಮೆರಾ ನಿಲ್ಲಿಸಲೇಬಾರದು. "ಒಬ್ಬ ಸೋದರಮಾವ ತಪ್ಪಿಹೋದರೂ ನನ್ನ ಕಥೆ ಮುಗೀತು ಚೇಚಿ!"

ಚಿತ್ರದ ಕಥೆ ಇಷ್ಟು: ಗಂಡ ಹೆಂಡತಿ ಊಟದ ಹೊತ್ತಿಗೆ ಜಗಳವಾಡುತ್ತಾರೆ, ಗಂಡ ಅರ್ಧ ಊಟದಲ್ಲಿ ಎದ್ದು ಹೋಗುತ್ತಾನೆ. ಗಂಡನ ಪಾತ್ರ ಬ್ಯಾಂಕ್ ಗುಮಾಸ್ತನದು. ಹೆಂಡತಿ ಅಡಿಗೆಮನೆಯಿಂದ ಬರೀ ಧ್ವನಿ, ಆ ಧ್ವನಿ ನನ್ನದು. ಭಾನುವಾರ ನಮ್ಮ ಮನೆಯಲ್ಲೇ ಶೂಟಿಂಗ್. ಅತ್ತೆ ನಸುಕಿಗೇ ಎದ್ದು ನಿಜವಾದ ಅಡಿಗೆ ಮಾಡಿದ್ದರು: ಕೋಸಂಬರಿ, ಹುಳಿ, ಸಾರು, ಶ್ಯಾವಿಗೆ ಪಾಯಸ. ಬಾಳೆಲೆ ಹಾಸಿ ಬಡಿಸಿದ್ದಾಯಿತು. ಗುಮಾಸ್ತ ಎರಡು ತುತ್ತು ಉಂಡು, ಕಣ್ಣು ಕೆಂಪು ಮಾಡಿಕೊಂಡು ಎದ್ದ. ಅದ್ಭುತ!

"ಕಟ್!"

"ಏನಾಯ್ತು ಚೇಚಿ?"

"ಎಲೆ ಮುಂದಿನಿಂದ ಹಾಗೆ ಎದ್ದು ಹೋಗ್ತಾರೇನಪ್ಪ? ಕೂತ್ಕೋ. ಹುಳಿಯನ್ನ ಮುಗಿಸಿ ಸಿಟ್ಟು ಮಾಡ್ಕೋ."

ಹುಳಿಯನ್ನ ಮುಗಿಸಿ ಎದ್ದ. ಕಟ್! ಸಾರು ಬಂದಿರಲಿಲ್ಲ. ಸಾರನ್ನ ಮುಗಿಸಿ ಎದ್ದ. ಕಟ್! ಪಾಯಸ ಬಿಟ್ಟು ಯಾರಾದರೂ ಏಳುತ್ತಾರೆಯೇ? "ಚೇಚೀ, ಕಥೆ ಬರೆದವರು ನೀವೇ ಅಲ್ವಾ?" ಎಂದು ಗುಮಾಸ್ತ ಅಂಗಲಾಚಿದ.

"ಬರೆಯುವಾಗ ಅದು ಪೇಪರ್ ಮೇಲಿತ್ತು. ಈಗ ನನ್ನ ಮನೇಲಿದೆ."

ಕೊನೆಗೆ ಮಜ್ಜಿಗೆಯನ್ನವೂ ಆಗಿ, ಎಲೆ ಮಡಿಸಿ, ಕೈ ತೊಳೆದು, ಅತ್ತೆ ಕೊಟ್ಟ ಅಡಿಕೆಯನ್ನು ಬಾಯಿಗೆ ಹಾಕಿಕೊಂಡ ಮೇಲೆ ಅವನು ರೋಷದಿಂದ ಮನೆ ಬಿಟ್ಟು ಹೋಗಲು ಅಪ್ಪಣೆ ಸಿಕ್ಕಿತು. "ಇಷ್ಟು ಉಂಡ ಮೇಲೆ ಕೋಪ ಎಲ್ಲಿಂದ ತರಲಿ ಚೇಚಿ?" ಎಂದು ಗೊಣಗುತ್ತ ಹೊರಟವನು ಹೊಸ್ತಿಲಲ್ಲಿ ತೇಗಿದ. ಆ ತೇಗು ಟೇಪಿನಲ್ಲಿ ಸ್ಪಷ್ಟವಾಗಿ ಬಿದ್ದಿತ್ತು. ಆಮೇಲೆ ಉಳಿದವರೆಲ್ಲ ಪಕ್ಕದ ಕೋಣೆಯಲ್ಲಿ ಪಂಕ್ತಿ ಕೂತು ಉಂಡೆವು.

ಸಾಮಾನೆಲ್ಲ ಲಾರಿ ಹತ್ತುವ ವಾರದಲ್ಲೇ ಪರೀಕ್ಷೆ ಬಂತು. ಎರ್ನಾಕುಲಂನಿಂದ ಬೆಳಗಿನ ರೈಲಿನಲ್ಲಿ ಹೊರಟೆವು. "ತಿರುವನಂತಪುರದಲ್ಲಿ ನನಗೂ ಆಫೀಸ್ ಕೆಲಸ ಇದೆ" ಎಂದು ಮಾವನೂ ಬಂದರು. ಇತ್ತೋ ಇಲ್ಲವೋ, ದೇವರೇ ಬಲ್ಲ.

ಸಣ್ಣ ಥಿಯೇಟರು, ಮೂವರು ಪರೀಕ್ಷಕರು. ದೀಪ ಆರಿತು. ಗುಮಾಸ್ತ ತೇಗಿದಾಗ ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಇನ್ನೇನು ಮುಗಿಯಿತು, ಫೇಲು ಎಂದುಕೊಂಡೆ.

ಚಿತ್ರ ಮುಗಿಯಲಿಲ್ಲ. ಚೇಟ್ಟ ತನ್ನ ಅಭ್ಯಾಸದಂತೆ ನಿಲ್ಲಿಸದೆ ಸ್ಟ್ಯಾಂಡಿನ ಮೇಲೆ ಬಿಟ್ಟುಹೋಗಿದ್ದ ಕ್ಯಾಮೆರಾ ಶೂಟಿಂಗ್ ನಡೆದ ಕೋಣೆಯನ್ನೇ ನೋಡುತ್ತಿತ್ತು. ತೆರೆಯ ಮೇಲೆ ಅತ್ತೆ ಬಂದು, ತಮಗೊಂದು ಎಲೆ ಹಾಕಿಕೊಂಡು, ಪಾತ್ರೆಯಲ್ಲಿ ಉಳಿದದ್ದನ್ನು ಬಡಿಸಿಕೊಂಡು ಕೂತರು. ಒಂದು ತುತ್ತು ಕಲಸಿದರು. ಒಳಗಿನಿಂದ ನನ್ನ ಧ್ವನಿ: "ಅತ್ತೇ, ನೀರು!" ಎದ್ದು ಹೋದರು. ಬಂದು ಕೂತರು. "ಚೇಚೀ, ಪಾಯಸ ಇದೆಯಾ?" ಎದ್ದರು. ಬಂದರು. ಆಮೇಲೆ ಮಾವನ ಧ್ವನಿ: "ನನ್ನ ಕನ್ನಡಕ ಎಲ್ಲಿಟ್ಟೆ?" ಎದ್ದು ಹೋದವರು ಮತ್ತೆ ಬರಲಿಲ್ಲ. ಫ್ಯಾನಿನ ಗಾಳಿಗೆ ಎಲೆಯ ತುದಿ ಅಲುಗುತ್ತಿತ್ತು. ಅನ್ನ ಹಾಗೇ ಇತ್ತು. ಟೇಪ್ ಮುಗಿಯಿತು.

ಅದನ್ನು ಅತ್ತೆ ಬೇಕೆಂದೇ ಉಳಿಸಿಕೊಂಡರೋ? "ಟೇಪ್ ಇತ್ತಲ್ಲ, ಯಾಕೆ ವೇಸ್ಟ್ ಮಾಡೋದು ಅಂತ ಬಿಟ್ಟೆ" ಎಂದರು ಆಮೇಲೆ. ಮೈಸೂರಿನ ಮಿತವ್ಯಯವೋ, ನಿರ್ದೇಶಕಿಯ ತೀರ್ಮಾನವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಥಿಯೇಟರಿನಲ್ಲಿ ಯಾರೂ ನಗುತ್ತಿರಲಿಲ್ಲ. ಪರೀಕ್ಷಕರಲ್ಲಿ ಒಬ್ಬರು ಇಂಗ್ಲಿಷಿನಲ್ಲಿ, "ಕೊನೆಯಲ್ಲಿ ಬಂದ ಆ ನಟಿ ಯಾರು?" ಎಂದು ಕೇಳಿದರು. ಅತ್ತೆಯ ಮುಖ ಇನ್ನೂ ಸೆರಗಿನಲ್ಲೇ ಇತ್ತು. ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಮಾವ ಎದ್ದು ನಿಂತಿದ್ದರು.

"ನಟಿ ಅಲ್ಲ ಸರ್. ನನ್ನ ಹೆಂಡತಿ. ಈ ಚಿತ್ರ ಮಾಡಿದವಳು ಅವಳೇ."

ಪಾಸಾದರು. ಫಲಿತಾಂಶ ಕೇಳಿ ಹೊರಗೆ ಬಂದ ಮೇಲೆ ಮಾವ ರಸ್ತೆಯಾಚೆಯ ಹೋಟೆಲಿಗೆ ಕರೆದುಕೊಂಡು ಹೋದರು. ಅತ್ತೆಯನ್ನು ಗೋಡೆ ಬದಿಗೆ ಕೂರಿಸಿ, ತಾವು ಈಚೆ ಕೂತರು, ಎದ್ದು ಹೋಗಲು ದಾರಿಯೇ ಇಲ್ಲದ ಹಾಗೆ. ಊಟ ಬಂತು. ತಮ್ಮದನ್ನು ಮುಟ್ಟದೆ ಅತ್ತೆಯನ್ನೇ ನೋಡುತ್ತ ಕೂತರು. ಬಡಿಸುವವನು ಹಾದುಹೋದಾಗಲೆಲ್ಲ ಅಚ್ಚ ಕನ್ನಡದಲ್ಲಿ, "ಇವಳಿಗೆ ಇನ್ನೊಂದು ಸ್ವಲ್ಪ ಅನ್ನ ಹಾಕಪ್ಪ" ಎನ್ನುವರು. ಅವನಿಗೆ ಅದು ಹೇಗೆ ಅರ್ಥವಾಗುತ್ತಿತ್ತೋ, ಹಾಕುತ್ತಲೇ ಇದ್ದ.

"ಸಾರಿಗೆ ಉಪ್ಪು ಕಮ್ಮಿ" ಎಂದರು ಅತ್ತೆ, ಧಾರಾಳವಾಗಿ ಅಳುತ್ತ.

"ಇರಲಿ," ಎಂದರು ಮಾವ. "ನಿಧಾನವಾಗಿ ಉಣ್ಣು. ರೈಲಿಗೆ ಇನ್ನೂ ಹೊತ್ತಿದೆ."